ಮನೆಪಾಠದ ಲೆಕ್ಕಕ್ಕೆ ಮೂರು ಪ್ರಶ್ನೆಗಳು

ನಿಮ್ಮಲ್ಲಿ ಅನೇಕರು ಧಾರವಾಡದಲ್ಲೋ ಹಾಸನದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ ಈ ಮಹಾನಗರಕ್ಕೆ ಬಂದವರು. ದ್ರವ್ಯರಾಶಿ, ವೇಗೋತ್ಕರ್ಷ, ಆಮ್ಲಜನಕ ಎಂದು ಕಲಿತವರು. ಮಕ್ಕಳ ಪುಸ್ತಕದಲ್ಲಿ ಇವೇ ಮಾಸ್, ಆಕ್ಸಿಲರೇಶನ್, ಆಕ್ಸಿಜನ್ ಆಗಿ ಕೂತಿರುತ್ತವೆ. ಒಂಬತ್ತನೆಯ ತರಗತಿಯ ಮಗಳು ವಿಜ್ಞಾನದ ಲೆಕ್ಕ ಹಿಡಿದು ಬಂದರೆ, "ನನಗೆ ತಿಳಿಯೋದಿಲ್ಲಮ್ಮ, ಟ್ಯೂಷನ್ನಿನಲ್ಲಿ ಕೇಳು" ಎಂದುಬಿಡುತ್ತೇವೆ. ಮಗು ಉತ್ತರದ ಜಾಗ ಖಾಲಿ ಬಿಡುತ್ತದೆ. ಕ್ರಮೇಣ ವಿಜ್ಞಾನವೇ ಬೇಡವೆನ್ನುತ್ತದೆ. ಹಾಗಾಗಬೇಕಾಗಿಲ್ಲ. ಉತ್ತರ ನಿಮಗೆ ಗೊತ್ತಿರಬೇಕೆಂದಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು, ಅದೂ ಕನ್ನಡದಲ್ಲೇ. ಏನು ಕೊಟ್ಟಿದ್ದಾರೆ? ಏನು ಕೇಳಿದ್ದಾರೆ? ಯಾವ ಅಳತೆಯಲ್ಲಿ?

ಒಂದು ಲೆಕ್ಕ ನೋಡೋಣ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದ್ದ ರೈಲು ಬ್ರೇಕ್ ಹಾಕಿ 40 ಸೆಕೆಂಡಿನಲ್ಲಿ ನಿಂತಿತು. ಅದರ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಕಡಿಮೆಯಾಯಿತು, ಮೀಟರ್ ಲೆಕ್ಕದಲ್ಲಿ ಹೇಳಿ. ಅವಸರದ ಮಗು 72ನ್ನು 40ರಿಂದ ಭಾಗಿಸಿ 1.8 ಎಂದು ಬರೆಯುತ್ತದೆ. ಆಗ ಮೂರನೆಯ ಪ್ರಶ್ನೆ ಕೇಳಿ. ಒಂದು ಕಡೆ ಕಿಲೋಮೀಟರ್ ಮತ್ತು ಗಂಟೆ, ಇನ್ನೊಂದು ಕಡೆ ಸೆಕೆಂಡು. ಇವು ಒಂದಕ್ಕೊಂದು ಹೊಂದುವುದಿಲ್ಲ. ಮೊದಲು 72 ಕಿಲೋಮೀಟರನ್ನು 72,000 ಮೀಟರ್ ಮಾಡಿ, ಒಂದು ಗಂಟೆಯ 3,600 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ 20 ಮೀಟರ್ ಬಂತು. ಅದನ್ನು 40ರಿಂದ ಭಾಗಿಸಿದರೆ 0.5. ಅಂದರೆ ಪ್ರತಿ ಸೆಕೆಂಡಿಗೂ ವೇಗ ಅರ್ಧ ಮೀಟರಿನಷ್ಟು ಇಳಿದಿದೆ. ಅಂಕಿಯ ಪಕ್ಕ ಅಳತೆಯನ್ನೂ ಬರೆದಿದ್ದರೆ ಮೊದಲ ಸಾಲಿನಲ್ಲೇ ತಪ್ಪು ಕಣ್ಣಿಗೆ ಬೀಳುತ್ತಿತ್ತು.

ಇದು ಮಕ್ಕಳ ತಪ್ಪು ಮಾತ್ರ ಎಂದುಕೊಳ್ಳಬೇಡಿ. 1999ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕೈತಪ್ಪಿಹೋಯಿತು. ಒಂದು ತಂಡದ ಲೆಕ್ಕ ಪೌಂಡಿನಲ್ಲಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ತಿಳಿದಿತ್ತು. ಕೂಡುವುದು ಕಳೆಯುವುದು ಸರಿಯಿತ್ತು, ಅಳತೆ ಬೇರೆಯಾಗಿತ್ತು.

ಇನ್ನು ರಸಾಯನಶಾಸ್ತ್ರ. ಸಮೀಕರಣ ಸರಿದೂಗಿಸುವುದೆಂದರೆ ಅಂಗಡಿಯ ಜಮಾ-ಖರ್ಚು ಇದ್ದ ಹಾಗೆ. ಬಂದದ್ದಕ್ಕೂ ಹೋದದ್ದಕ್ಕೂ ತಾಳೆಯಾಗಬೇಕು. ನಿಮ್ಮ ಮನೆಗೆ ಪೈಪಿನಲ್ಲಿ ಗ್ಯಾಸ್ ಬರುತ್ತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಮೀಥೇನ್. ಅದರ ಒಂದು ಅಣುವಿನಲ್ಲಿ ಒಂದು ಇಂಗಾಲದ ಪರಮಾಣು, ನಾಲ್ಕು ಜಲಜನಕದ ಪರಮಾಣು. ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಹುಟ್ಟುತ್ತವೆ. ನಾಲ್ಕು ಜಲಜನಕಕ್ಕೆ ಎರಡು ನೀರಿನ ಅಣು. ಇಂಗಾಲಕ್ಕೆ ಎರಡು ಆಮ್ಲಜನಕ ಪರಮಾಣು ಬೇಕು, ಎರಡು ನೀರಿಗೆ ಮತ್ತೆರಡು. ಒಟ್ಟು ನಾಲ್ಕು ಪರಮಾಣು, ಅಂದರೆ ಎರಡು ಆಮ್ಲಜನಕದ ಅಣು. ಸಮೀಕರಣ ಸರಿದೂಗಿತು.

ಮಕ್ಕಳು ಹೆದರುವ ಮೋಲ್ ಎಂಬುದೂ ಡಜನ್ನಿನಂತೆ ಒಂದು ಎಣಿಕೆಯೇ. ಡಜನ್ ನಿಂಬೆಹಣ್ಣು, ಡಜನ್ ತೆಂಗಿನಕಾಯಿ. ಎಣಿಕೆ ಒಂದೇ, ತೂಕ ಬೇರೆ. ಮೋಲ್‌ನ ಎಣಿಕೆ ಮಾತ್ರ ಬಲು ದೊಡ್ಡದು: ಆರರ ಮುಂದೆ 23 ಸೊನ್ನೆ ಇಟ್ಟರೆ ಹತ್ತಿರ ಹತ್ತಿರ ಬರುತ್ತದೆ. ಒಂದು ಮೋಲ್ ಮೀಥೇನ್ 16 ಗ್ರಾಂ, ಎರಡು ಮೋಲ್ ಆಮ್ಲಜನಕ 64 ಗ್ರಾಂ. ಹುಟ್ಟಿದ ಡೈಆಕ್ಸೈಡ್ 44 ಗ್ರಾಂ, ನೀರು 36 ಗ್ರಾಂ. ಈ ಕಡೆ 80, ಆ ಕಡೆಯೂ 80. ಈಗ "8 ಗ್ರಾಂ ಮೀಥೇನ್ ಉರಿದರೆ ಎಷ್ಟು ನೀರು?" ಎಂದು ಕೇಳಿ. 16ರ ಅರ್ಧ 8, ಆದ್ದರಿಂದ 36ರ ಅರ್ಧ 18 ಗ್ರಾಂ. ಮಗು ಬಾಯಲ್ಲೇ ಹೇಳುತ್ತದೆ.

ಒಂದು ವಿನಂತಿ. ಪೆನ್ನು ಮಗುವಿನ ಕೈಯಲ್ಲೇ ಇರಲಿ. ಅವರು ಇಂಗ್ಲಿಷಿನಲ್ಲಿ ಬರೆಯಲಿ, ನಿಮಗೆ ಕನ್ನಡದಲ್ಲಿ ವಿವರಿಸಿ ಹೇಳಲಿ. ಹೇಳುತ್ತ ಹೇಳುತ್ತ ಎಲ್ಲಿ ತಡವರಿಸುತ್ತಾರೋ ಅಲ್ಲೇ ಪಾಠ ಅರ್ಥವಾಗಿಲ್ಲವೆಂದು ತಿಳಿಯಿರಿ. ಪುಸ್ತಕದ ಆ ಪುಟವನ್ನು ಇಬ್ಬರೂ ಕೂತು ಮತ್ತೆ ಓದಿ. ಕೊನೆಗೆ ಬಂದ ಉತ್ತರ ನಂಬುವಂತಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ನಡೆದುಹೋಗುವ ಮನುಷ್ಯನ ವೇಗ ಗಂಟೆಗೆ 300 ಕಿಲೋಮೀಟರ್ ಎಂದು ಬಂದರೆ, ಅದು ತಪ್ಪೆಂದು ಹೇಳಲು ಯಾವ ಪದವಿಯೂ ಬೇಡ.