ನಗು ಹಿಡಿದು ನಿಂತ ಪಿಯೆರೋ



ವೇಷ ಕಟ್ಟಿದ ನಟ ಕ್ಯಾಮೆರಾ ಮುಂದೆ ನಿಂತರೆ ಅಭಿನಯಿಸುವುದು ಯಾರಿಗಾಗಿ? ಎದುರಿಗೆ ಸಭೆಯಿಲ್ಲ, ಚಪ್ಪಾಳೆಯಿಲ್ಲ.

1854-55ರ ಸುಮಾರು. ಪ್ಯಾರಿಸ್ಸಿನ ಮೂಕಾಭಿನಯದ ನಟ ಶಾರ್ಲ್ ದೆಬ್ಯುರೋ ಪಿಯೆರೋ ಎಂಬ ವಿದೂಷಕನ ವೇಷದಲ್ಲೇ ಫೋಟೋಗ್ರಾಫರ್ ನಾದಾರ್ ಮತ್ತು ಅವನ ತಮ್ಮ ಆದ್ರಿಯೆನ್ ತೂರ್ನಶೋನ್‌ಗಾಗಿ ಕ್ಯಾಮೆರಾ ಎದುರು ನಿಂತ. ಮುಖಕ್ಕೆ ಬಿಳಿ ಬಣ್ಣ, ದೊಗಳೆ ಬಿಳಿ ಅಂಗಿ, ತಲೆಗೆ ಕರಿ ಟೋಪಿ. ಅಷ್ಟೂ ಬಿಳಿ ಕಲಸಿಹೋಗದಂತೆ ಬೆಳಕು ಹಿಡಿಯುವುದೇ ಸಾಹಸ. ಆ ಚಿತ್ರಗಳಲ್ಲಿ ತೋಳಿನ ಒಂದೊಂದು ಮಡಿಕೆಯೂ ನೆರಳಿನಿಂದ ಎದ್ದು ಕಾಣುತ್ತದೆ.

ಆಗ ಗಾಜಿನ ಫಲಕಕ್ಕೆ ಕೊಲೋಡಿಯನ್ ದ್ರವ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಬೆಳಕು ಬೀಳುವಷ್ಟು ಸೆಕೆಂಡು ನಟ ಅಲುಗಾಡುವಂತಿಲ್ಲ. ನಗುವ ಪಿಯೆರೋ, ಬೆಚ್ಚಿದ ಪಿಯೆರೋ, ಕಿವಿಗೊಟ್ಟ ಪಿಯೆರೋ... ನಗುವನ್ನು ಹಾಗೇ ಹಿಡಿದಿಟ್ಟುಕೊಳ್ಳುವುದೆಂದರೆ ಸಾಮಾನ್ಯವೇ? ನಾವು ಹಾಗೆ ಮಾಡಹೋದರೆ ಅದು ಹಲ್ಲುಕಿರಿತವಾದೀತು. ಮಾತಿಲ್ಲದೆ ಮೈಯಿಂದಲೇ ಕಥೆ ಹೇಳುವವನಿಗೆ ಮಾತ್ರ ಅದು ಸಾಧ್ಯವಾಗಿರಬೇಕು.

ನನಗೆ ಬಲು ಇಷ್ಟವಾದ ಚಿತ್ರದಲ್ಲಿ ಪಿಯೆರೋನೇ ಫೋಟೋಗ್ರಾಫರ್! ಮರದ ಕ್ಯಾಮೆರಾದ ಪಕ್ಕ ನಿಂತಿದ್ದಾನೆ. ಲೆನ್ಸು ತಿರುಗಿರುವುದು ನಮ್ಮ ಕಡೆಗೆ. ನೋಡಲು ಹೋದವರ ಚಿತ್ರವನ್ನೇ ತೆಗೆಯುವ ತುಂಟತನ.

1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಈ ಮಾಲಿಕೆಗೆ ಚಿನ್ನದ ಪದಕ ಬಂತು. ಪದಕ ತಮ್ಮನ ಪಾಲಾಯಿತು. ಅವನು ‘ಕಿರಿಯ ನಾದಾರ್’ ಎಂದು ಹೆಸರು ಹಾಕಿಕೊಳ್ಳುತ್ತಿದ್ದ. ಆ ಹೆಸರಿಗಾಗಿ ಅಣ್ಣ ಕೋರ್ಟಿಗೆ ಹೋದ. 1857ರಲ್ಲಿ ‘ನಾದಾರ್’ ಎಂಬ ಹೆಸರು ಅಣ್ಣನಿಗೇ ದಕ್ಕಿತು.