ತರಂಗಾಂತರಕ್ಕೂ ಒಂದು ಪಹಣಿ ಬೇಕು
(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಂತೆಯ ಸುಂಕದ ಗುತ್ತಿಗೆ ಹರಾಜಾಗುವುದನ್ನು ನಾವೆಲ್ಲ ನೋಡಿದ್ದೇವೆ. ಸವಾಲು ಕೂಗುವವರು ಹೆಚ್ಚಿದ್ದರೆ ಊರಿನ ಬೊಕ್ಕಸಕ್ಕೆ ಹಣ ಬರುತ್ತದೆ. ಕೂಗುವ ಮೊದಲೇ ಅವರೆಲ್ಲ ಒಂದಾದರೆ ಗುತ್ತಿಗೆ ಬಿಡಿಗಾಸಿಗೆ ಹೋಗುತ್ತದೆ. ಇಷ್ಟು ತಿಳಿದವರಿಗೆ ಇಂದಿನ ವಿಷಯ ಕಷ್ಟದ್ದೇನಲ್ಲ.

ನಮ್ಮ ಜೇಬಿನ ಮೊಬೈಲು ಮಾತಾಡುವುದು ರೇಡಿಯೋ ತರಂಗಗಳ ಮೂಲಕ. ಒಂದೇ ಜಾಗದಲ್ಲಿ ಇಬ್ಬರು ಒಂದೇ ತರಂಗವನ್ನು ಹಿಡಿದರೆ ಯಾರ ಮಾತೂ ಸರಿಯಾಗಿ ಕೇಳಿಸದು. ಅದಕ್ಕಾಗಿ ಸರ್ಕಾರಗಳು ತರಂಗಾಂತರವನ್ನು ಪಾಲು ಮಾಡಿ, ಇಷ್ಟು ವರ್ಷಕ್ಕೆಂದು ಕಂಪನಿಗಳಿಗೆ ಲೈಸೆನ್ಸು ಕೊಡುತ್ತವೆ. ಇದು ಯಾರ ಸ್ವತ್ತು? ಸಾರ್ವಜನಿಕರ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಹಾಗಿದ್ದ ಮೇಲೆ ನಮ್ಮ ಸ್ವತ್ತು ಯಾರ ಕೈಗೆ, ಎಷ್ಟಕ್ಕೆ ಹೋಯಿತೆಂಬ ಲೆಕ್ಕ ನಮಗೆ ಬೇಡವೇ?

ಲೆಕ್ಕ ನೋಡುವಾಗ ಪಕ್ಕದ ಅಂಗಡಿಯ ದರವನ್ನೂ ಕೇಳಬೇಕು. ನ್ಯೂಜಿಲೆಂಡು 1990ರಲ್ಲಿ ತರಂಗಾಂತರವನ್ನು ಹರಾಜಿಗಿಟ್ಟಿತು. ಗೆದ್ದವರು ಎರಡನೆಯವರ ಸವಾಲಿನಷ್ಟು ಮಾತ್ರ ಕೊಟ್ಟರೆ ಸಾಕೆಂಬುದು ಅಲ್ಲಿನ ನಿಯಮ. ಒಂದು ಸಂಸ್ಥೆ 1 ಲಕ್ಷ ಡಾಲರು ಕೂಗಿತು. ಎರಡನೆಯ ಸವಾಲು ಬರೀ 6 ಡಾಲರು. ಅದು ಕೊಟ್ಟದ್ದೂ 6 ಡಾಲರೇ!

2000ದಲ್ಲಿ ಬ್ರಿಟನ್ನು ಮೂರನೆಯ ಪೀಳಿಗೆಯ ಮೊಬೈಲಿಗೆ ಐದು ಲೈಸೆನ್ಸುಗಳನ್ನು ಹರಾಜು ಹಾಕಿತು. ಹದಿಮೂರು ಮಂದಿ ಪೈಪೋಟಿ ನಡೆಸಿ, ಸುಮಾರು 2,250 ಕೋಟಿ ಪೌಂಡು ಬಂತು. ತಲೆಗೆ ಸುಮಾರು 650 ಯೂರೋ. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು ಲೈಸೆನ್ಸಿಗೆ ಕೊನೆಗೆ ಉಳಿದವರು ನಾಲ್ಕೇ ಮಂದಿ. ಬಂದದ್ದು ತಲೆಗೆ ಸುಮಾರು 20 ಯೂರೋ. ಸರಕು ಒಂದೇ, ವರ್ಷವೂ ಒಂದೇ. ಬೆಲೆಯನ್ನು ಕಟ್ಟಿದ್ದು ಪೈಪೋಟಿ.

ಹಾಗೆಂದು ಹೆಚ್ಚು ಹಣ ಬಂದರೆ ಎಲ್ಲವೂ ಸರಿಯಾಯಿತೆಂದು ನಾವು ಹೇಳುವುದಿಲ್ಲ. ಜರ್ಮನಿ ಅದೇ ವರ್ಷ ಸುಮಾರು 5,000 ಕೋಟಿ ಯೂರೋ ಎಣಿಸಿಕೊಂಡಿತು. ಗೆದ್ದ ಆರು ಕಂಪನಿಗಳಲ್ಲಿ ಎರಡು ತಮ್ಮ ಜಾಲವನ್ನು ಜನರ ಬಳಕೆಗೆ ತರಲೇ ಇಲ್ಲ. ನಮ್ಮಲ್ಲೂ 2016ರಲ್ಲಿ 700 ಮೆಗಾಹರ್ಟ್ಸ್ ಪಟ್ಟಿಗೆ ಸರ್ಕಾರ ಕಟ್ಟಿದ ಬೆಲೆಗೆ ಕೊಳ್ಳುವವರಿರಲಿಲ್ಲ, 2021ರಲ್ಲೂ ಮಾರಲಿಲ್ಲ. ದೂರಕ್ಕೆ ಹರಿಯುವ, ಹಳ್ಳಿಗಳಿಗೆ ಅನುಕೂಲವಾದ ತರಂಗ ಅದು. 2022ರ ಹರಾಜಿನವರೆಗೆ ಬೀಳು ಬಿದ್ದ ಹೊಲದಂತೆ ಉಳಿಯಿತು.

ಅಗ್ಗಕ್ಕೆ ಕೊಟ್ಟ ಕಥೆಯೂ ನಮ್ಮದೇ. 2008ರ ಜನವರಿಯಲ್ಲಿ 122 ಲೈಸೆನ್ಸುಗಳು 2001ರ ದರದಲ್ಲಿ ಹೋದವು. ಇಡೀ ದೇಶಕ್ಕೆ 1,658 ಕೋಟಿ ರೂಪಾಯಿ. 2010ರ ಹರಾಜಿನಲ್ಲಿ ಮೂರನೆಯ ಪೀಳಿಗೆಯ ತರಂಗಾಂತರಕ್ಕೆ ಇಡೀ ದೇಶದ ಬೆಲೆ 16,751 ಕೋಟಿಗೆ ಏರಿತು. ಎರಡೂ ಒಂದೇ ಸರಕಲ್ಲ, ನಿಜ. ಆದರೂ ಅಂತರ ಕಣ್ಣಿಗೆ ರಾಚುತ್ತದೆ. ಸುಪ್ರೀಂ ಕೋರ್ಟು 2012ರಲ್ಲಿ ಆ 122ನ್ನೂ ರದ್ದು ಮಾಡಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯ 2017ರಲ್ಲಿ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತೆಂಬುದನ್ನೂ ಹೇಳಬೇಕು. ಅಪರಾಧದ ತೀರ್ಮಾನ ಬೇರೆ, ಆಸ್ತಿಯ ಲೆಕ್ಕ ಬೇರೆ.

ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಐದು ಕಲಂ ಇರಬೇಕು: ಯಾವ ತರಂಗ, ಯಾರ ಕೈಯಲ್ಲಿ, ಎಷ್ಟು ವರ್ಷಕ್ಕೆ, ಒಂದು ಮೆಗಾಹರ್ಟ್ಸಿಗೆ ತಲೆಯೊಂದಕ್ಕೆ ಬಿದ್ದ ಬೆಲೆ, ಮತ್ತು ಎಷ್ಟು ಹಳ್ಳಿಗೆ ಸೇವೆ ಮುಟ್ಟಿತು. ಒಟ್ಟು ಮೊತ್ತ ಮಾತ್ರ ನೋಡುವುದು ತೂಕ ನೋಡದೆ ಮೂಟೆ ಕೊಂಡಂತೆ. ಬ್ರಿಟನ್ನು, ಅಮೆರಿಕಗಳಲ್ಲಿ ಯಾವ ಲೈಸೆನ್ಸು ಯಾರದೆಂಬ ದಾಖಲೆಯನ್ನು ಸಾಮಾನ್ಯರೂ ತೆರೆದು ನೋಡಬಹುದು. ನಮ್ಮ ಸರ್ಕಾರವೂ ಹರಾಜಿನ ಫಲಿತಾಂಶ ಪ್ರಕಟಿಸುತ್ತದೆ. ಅಷ್ಟು ಸಾಲದು. ಹೊಲದ ಪಹಣಿಯಂತೆ ಈ ಐದೂ ಕಲಂ ತುಂಬಿ, ಕನ್ನಡದಲ್ಲಿ ನಮ್ಮ ಕೈಗೆ ಸಿಗಬೇಕು.

2022ರಲ್ಲಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಹೋದ ತರಂಗಾಂತರದ ಅವಧಿ 20 ವರ್ಷ. ತೊಟ್ಟಿಲ ಕೂಸು ದುಡಿಯುವ ವಯಸ್ಸಿಗೆ ಬರುವ ಕಾಲ ಅದು. 2023ರ ಕಾಯಿದೆ ಉಪಗ್ರಹ ಸೇವೆಗೆ ಹರಾಜಿಲ್ಲದೆಯೇ ತರಂಗಾಂತರ ಕೊಡಲು ದಾರಿ ಮಾಡಿದೆ. ಹರಾಜಾಗಲಿ, ಹಂಚಿಕೆಯಾಗಲಿ, ಗುತ್ತಿಗೆ ಕೊಟ್ಟ ಮೇಲೆ ಕೂಗಿ ಫಲವಿಲ್ಲ. ಕೊಡುವ ಮೊದಲೇ ಕೇಳೋಣ. ಕೊಟ್ಟ ಮೇಲೆ ಪ್ರತಿ ವರ್ಷ ಲೆಕ್ಕ ನೋಡೋಣ. ಯಜಮಾನರು ನಾವು, ಪುಸ್ತಕ ಕೇಳುವ ಹಕ್ಕೂ ನಮ್ಮದೇ.