ಸೊಂಟ ನೋವು ನಮ್ಮ ಹಣೆಬರಹವಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನಮ್ಮ ಆರೋಗ್ಯ ವಿಭಾಗದವರು ನೀಡಿದ ಮಾಹಿತಿ)



ಇವತ್ತು ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಸ್ವಲ್ಪ ಬದಿಗಿಟ್ಟು ನಮ್ಮ ಬೆನ್ನಿನ ಬಗ್ಗೆ ಮಾತಾಡೋಣ. ಸಭೆ ಮುಗಿದು ಚಾಪೆಯಿಂದ ಏಳುವಾಗ ನಿಮ್ಮಲ್ಲಿ ಎಷ್ಟೋ ಜನ ಸೊಂಟಕ್ಕೆ ಕೈಕೊಟ್ಟು "ಅಯ್ಯೋ ಅಮ್ಮಾ" ಅಂತ ಏಳುವುದನ್ನು ನಾವು ನೋಡುತ್ತಲೇ ಇದ್ದೇವೆ. ಕೇಳಿದರೆ "ಇದು ಇದ್ದದ್ದೇ ಬಿಡಿ, ಹೆಂಗಸರಿಗೆ ಸೊಂಟ ನೋವು ಹೊಸತಾ?" ಅಂತೀರಿ. ಆ ಮಾತು ಸರಿಯಲ್ಲ ಎಂದು ಹೇಳಲಿಕ್ಕೇ ನಾವು ಬಂದಿದ್ದೇವೆ.

ನಮ್ಮ ಒಂದು ಸಂಘದಲ್ಲಿ ಚಕ್ಕುಲಿ, ಹಪ್ಪಳ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಒಂದು ದಿನ ಅಕ್ಕಿ ಮೂಟೆಯನ್ನು ಬಗ್ಗಿ ಎತ್ತಿ ಪಕ್ಕಕ್ಕೆ ತಿರುಗಿಸಿದ್ದೇ ತಡ, ಸೊಂಟ ಹಿಡಿದುಕೊಂಡಿತು. ನೆಟ್ಟಗೆ ನಿಲ್ಲಲಿಕ್ಕೇ ಆಗಲಿಲ್ಲ. ಒಂದು ತಿಂಗಳು ಮಲಗಿದರು. ಯಾರೋ ಹೇಳಿದರೆಂದು ನರ ಎಳೆಯುವವರ ಹತ್ತಿರ ಹೋದರು, ಸ್ಕ್ಯಾನಿಂಗ್ ಮಾಡಿಸಿದರು, ಬೆಲ್ಟ್ ತಂದರು. ವ್ಯಾಪಾರಕ್ಕೆಂದು ಸಂಘದಿಂದ ಪಡೆದ ಸಾಲ ಹೀಗೆ ಖರ್ಚಾಯಿತು, ವ್ಯಾಪಾರವೂ ನಿಂತಿತು. ಕೊನೆಗೆ ಒಬ್ಬ ಡಾಕ್ಟರು "ತೂಕ ಇಳಿಸಿ" ಎಂದು ಹೇಳಿ ಕಳಿಸಿದರಂತೆ. ಆ ಅಕ್ಕ ನಮ್ಮ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಇಳಿಸಿ ಅಂತ ಎಲ್ಲರೂ ಹೇಳ್ತಾರೆ, ಹೇಗೆ ಇಳಿಸೋದು ಅಂತ ಒಬ್ಬರಾದರೂ ಹೇಳ್ತಾರಾ?"

ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳುವ ಮೊದಲು ಬೆನ್ನಿಗೆ ಏನಾಗುತ್ತದೆ ಎಂದು ತಿಳಿಯೋಣ.

ಬೆನ್ನಿಗೆ ಆಗುವ ಪೆಟ್ಟುಗಳು

ನಮ್ಮ ಬೆನ್ನೆಲುಬು ಒಂದೇ ಕಂಬವಲ್ಲ. ಒಂದರ ಮೇಲೊಂದು ಜೋಡಿಸಿದ ಮಣಿಗಳ ಹಾಗೆ ಇದೆ. ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಇವನ್ನೇ ಡಿಸ್ಕ್ ಎನ್ನುತ್ತಾರೆ. ಸೊಂಟದ ಭಾಗದ 5 ಮಣಿಗಳು ಮೇಲಿನ ಮೈಯ ಭಾರವನ್ನೆಲ್ಲ ಹೊರುತ್ತವೆ. ಇವನ್ನು ಹಿಡಿದು ನಿಲ್ಲಿಸುವುದು ಬೆನ್ನಿನ ಮತ್ತು ಹೊಟ್ಟೆಯ ಸ್ನಾಯುಗಳು.

ಮೊದಲನೆಯದು, ಸ್ನಾಯು ಉಳುಕುವುದು. ನಾವು "ಸೊಂಟ ಹಿಡೀತು" ಅನ್ನುವುದು ಹೆಚ್ಚಾಗಿ ಇದನ್ನೇ. ನೋವು ಜೋರಾಗಿದ್ದರೂ ಇದು ಅಪಾಯಕಾರಿಯಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ಎರಡನೆಯದು, ಡಿಸ್ಕ್ ಉಬ್ಬಿ ನರವನ್ನು ಒತ್ತುವುದು. ಜನರು "ಡಿಸ್ಕ್ ಜಾರಿದೆ" ಅನ್ನುತ್ತಾರೆ. ನಿಜವಾಗಿ ಅದು ಜಾರುವುದಿಲ್ಲ, ಒಳಗಿನ ಮೆದು ಭಾಗ ಹೊರಗೆ ಉಬ್ಬುತ್ತದೆ. ಆಗ ನೋವು ಕುಂಡೆಯಿಂದ ತೊಡೆಯ ಹಿಂದೆ ಇಳಿದು ಮೊಣಕಾಲಿನ ಕೆಳಗೂ ಹೋಗುತ್ತದೆ. ಕಾಲು ಜುಂ ಅನ್ನುತ್ತದೆ. ಇದು ಕೂಡ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಕಡಿಮೆಯಾಗುತ್ತದೆ, ಆದರೆ ಸಮಯ ಹಿಡಿಯುತ್ತದೆ.

ಮೂರನೆಯದು, ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗಿ ಬೆನ್ನಿನ ಮಣಿ ಕುಸಿಯುವುದು. ವಯಸ್ಸಾದ ತಾಯಂದಿರು ಜಾರಿ ಕುಕ್ಕರಿಸಿ ಬಿದ್ದರೂ ಸಾಕು, ಮಣಿ ಮುರಿಯಬಹುದು. ಬೆನ್ನು ಗೂನಾಗುವುದು, ಎತ್ತರ ಕಡಿಮೆಯಾಗುವುದು ಇದರಿಂದಲೇ ಇರಬಹುದು.

ಕೆಲವು ಲಕ್ಷಣಗಳನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಾಗದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿಯ ಜಾಗ ಮರಗಟ್ಟುವುದು, ಕಾಲಿನ ಬಲ ಕುಂದುವುದು - ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಚಿಕೆಪಟ್ಟು ಮುಚ್ಚಿಡಬೇಡಿ, ತಡವಾದರೆ ನರದ ಬಲ ಮತ್ತೆ ಬರದೇ ಇರಬಹುದು. ಬೆನ್ನು ನೋವಿನ ಜೊತೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ನೋವು ಶುರುವಾದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಆಗಲೂ ಡಾಕ್ಟರಿಗೆ ತೋರಿಸಲೇಬೇಕು.

ಮಲಗಿದರೆ ವಾಸಿಯಾಗುತ್ತದೆಯೇ?

ಹಿಂದೆ ಡಾಕ್ಟರುಗಳೇ ವಾರಗಟ್ಟಲೆ ಹಲಗೆಯ ಮೇಲೆ ಮಲಗಿ ಎನ್ನುತ್ತಿದ್ದರು. ಈಗ ಹಾಗಲ್ಲ. ನೋವು ತೀರಾ ಜೋರಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ಮನೆಯೊಳಗೇ ಆದರೂ ನಿಧಾನವಾಗಿ ಓಡಾಡಬೇಕು. ಜಾಸ್ತಿ ಮಲಗಿದಷ್ಟೂ ಸ್ನಾಯುಗಳು ಸೋಲುತ್ತವೆ. ಬಿಸಿನೀರಿನ ಶಾಖ ಕೊಟ್ಟರೆ ಹಿತವೆನಿಸುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ.

ಬಹುದಿನದ ಸೊಂಟ ನೋವಿಗೆ ಏನು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ವ್ಯಾಯಾಮಕ್ಕೆ, ತಿಳುವಳಿಕೆಗೆ ಮುಖ್ಯ ಸ್ಥಾನವಿದೆ. ಸೊಂಟದ ಬೆಲ್ಟನ್ನೂ, ತೂಕ ಕಟ್ಟಿ ಎಳೆಯುವ ಚಿಕಿತ್ಸೆಯನ್ನೂ ಎಲ್ಲರಿಗೂ ವಾಡಿಕೆಯಾಗಿ ಕೊಡಬಾರದು ಎಂದಿದೆ. ನಮ್ಮ ಅಕ್ಕ ಖರ್ಚು ಮಾಡಿದ್ದು ಬೆಲ್ಟಿಗೆ, ಬೇಕಾಗಿದ್ದದ್ದು ವ್ಯಾಯಾಮ!

ಭಾರ ಎತ್ತುವ ಕ್ರಮ

1960ರ ದಶಕದಲ್ಲಿ ಸ್ವೀಡನ್ ದೇಶದ ಡಾಕ್ಟರ್ ಆಲ್ಫ್ ನಾಕೆಮ್ಸನ್ ಎಂಬವರು ಡಿಸ್ಕಿನ ಒಳಗಿನ ಒತ್ತಡವನ್ನೇ ಅಳೆದು ನೋಡಿದರು. ಮಲಗಿದಾಗ ಒತ್ತಡ ಬಹಳ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಭಾರ ಹಿಡಿದು ಮುಂದಕ್ಕೆ ಬಗ್ಗಿದಾಗ ಇನ್ನೂ ಬಹಳ ಹೆಚ್ಚು. ನಾವು ದಿನವಿಡೀ ಮಾಡುವುದು ಅದನ್ನೇ ಅಲ್ವಾ? ಗುಡಿಸುವುದು, ಬಟ್ಟೆ ಒಗೆಯುವುದು, ನೇಜಿ ನೆಡುವುದು, ಬಾವಿಯಿಂದ ನೀರು ಸೇದುವುದು, ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು.

ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇದ್ದರೂ, ಕಬ್ಬಿಣ ಸೇರಿ ಒಟ್ಟು 30 ಕಿಲೋ ಹತ್ತಿರ ಬರುತ್ತದೆ. 15 ಲೀಟರ್ ಕೊಡದಲ್ಲಿ ನೀರೇ 15 ಕಿಲೋ. ಆದ್ದರಿಂದ ಈ ಕ್ರಮ ನೆನಪಿಡಿ:

1. ವಸ್ತುವಿನ ಹತ್ತಿರ ಹೋಗಿ ನಿಲ್ಲಿ. ಕಾಲು ಅಗಲಿಸಿ, ಒಂದು ಪಾದ ಸ್ವಲ್ಪ ಮುಂದಿಡಿ.
2. ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಕುಳಿತು ಹಿಡಿಯಿರಿ.
3. ಭಾರವನ್ನು ಹೊಟ್ಟೆಗೆ ಅಪ್ಪಿಕೊಂಡು ಕಾಲಿನ ಬಲದಿಂದ ಏಳಿ. ಕೈ ಚಾಚಿದಷ್ಟೂ ಬೆನ್ನಿಗೆ ಭಾರ.
4. ಎತ್ತಿದ ಮೇಲೆ ಸೊಂಟ ತಿರುಚಬೇಡಿ. ಪಾದಗಳನ್ನು ತಿರುಗಿಸಿ.
5. ಮೂಟೆ, ಸಿಲಿಂಡರ್ ಒಬ್ಬರೇ ಎತ್ತಬೇಡಿ. ಮನೆಯ ಗಂಡಸರನ್ನು ಕರೆಯಿರಿ. ಸಿಲಿಂಡರ್ ತಂದವರಿಗೆ ಅಡುಗೆಮನೆಯೊಳಗೇ ಇಡಲು ಹೇಳಿ.

ಒಂದು ದೊಡ್ಡ ಕೊಡವನ್ನು ಸೊಂಟದ ಮೇಲೆ ಹೊರುವ ಬದಲು ಎರಡು ಸಣ್ಣ ಬಕೆಟುಗಳನ್ನು ಎರಡು ಕೈಯಲ್ಲಿ ಹಿಡಿಯಿರಿ. ಕಸಬರಿಕೆಗೆ ಉದ್ದನೆಯ ಕೋಲು ಕಟ್ಟಿ. ನೇಜಿ ನೆಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು ನಾಲ್ಕೈದು ಸಲ ಮೆಲ್ಲನೆ ಹಿಂದಕ್ಕೆ ಬಾಗಿ. ಬೀಡಿ ಕಟ್ಟುವವರು ಗೋಡೆಗೆ ಒರಗಿ ಕುಳಿತು, ಮೊರವನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಿರಿ.

ತೂಕಕ್ಕೂ ಬೆನ್ನಿಗೂ ಏನು ಸಂಬಂಧ?

ತೆಳ್ಳಗಿದ್ದವರಿಗೂ ಸೊಂಟ ನೋವು ಬರುತ್ತದೆ, ಆದ್ದರಿಂದ ದಪ್ಪಗಿದ್ದವರನ್ನು ಯಾರೂ ಹೀಯಾಳಿಸಬೇಡಿ. ಆದರೆ ತೂಕ ಜಾಸ್ತಿಯಿದ್ದವರಲ್ಲಿ ಸೊಂಟ ನೋವು ಹೆಚ್ಚು. ಮೈಯಲ್ಲಿ 10 ಕಿಲೋ ಹೆಚ್ಚಿದ್ದರೆ ಹತ್ತು ಕಿಲೋ ಅಕ್ಕಿಯ ಚೀಲವನ್ನು ಹಗಲು ಪೂರ್ತಿ ಕೆಳಗಿಡದೆ ಹೊತ್ತ ಹಾಗೆ. ಜೊತೆಗೆ ಬಿ.ಪಿ., ಸಕ್ಕರೆ ಕಾಯಿಲೆ, ಮೊಣಕಾಲು ನೋವು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿಗೆ ತೂಕ ಜಾಸ್ತಿ. ಅದೇ ಸಮೀಕ್ಷೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ. ಅಂದರೆ ಮೈ ತುಂಬಿಕೊಂಡಿದ್ದರೂ ಮೈಯಲ್ಲಿ ರಕ್ತ ಇಲ್ಲ! ಆದ್ದರಿಂದ ಉಪವಾಸ ಬೀಳುವುದು ಇದಕ್ಕೆ ದಾರಿಯಲ್ಲ.

ಟೈಲರಿಂಗ್ ಟೇಪು ಎಲ್ಲ ಸಂಘದಲ್ಲೂ ಇದೆ. ಉಸಿರು ಬಿಟ್ಟು, ಹೊಕ್ಕುಳಿನ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ ಇದು 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಇಂಚಿನ ಒಳಗೆ ಇರಬೇಕು.

ತೂಕ ಇಳಿಸುವ ಲೆಕ್ಕ

ನಿಮಗೆಲ್ಲ ಪಾಸ್ ಪುಸ್ತಕ ಗೊತ್ತು. ಮೈಯೂ ಹಾಗೆಯೇ. ತಿಂದದ್ದು ಜಮಾ, ದುಡಿದದ್ದು ಖರ್ಚು, ಉಳಿದದ್ದು ಹೊಟ್ಟೆ ಸೊಂಟದಲ್ಲಿ ಕೊಬ್ಬಾಗಿ ಠೇವಣಿ.

ಚಹಾದ ಲೆಕ್ಕ ನೋಡೋಣ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಹಿಡಿದರೂ ದಿನಕ್ಕೆ 32 ಗ್ರಾಂ, ತಿಂಗಳಿಗೆ ಒಬ್ಬರಿಗೇ ಸುಮಾರು ಒಂದು ಕಿಲೋ ಸಕ್ಕರೆ! ಅರ್ಧ ಕಿಲೋ ಕೊಬ್ಬಿನಲ್ಲಿರುವಷ್ಟು ಶಕ್ತಿ ಅದರಲ್ಲಿದೆ. ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಎರಡು ಲೋಟ ಬಿಡಿ, ಉಳಿದ ಎರಡಕ್ಕೆ ಅರ್ಧ ಚಮಚ ಸಾಕು.

ಇನ್ನು ಎಣ್ಣೆ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಂದು ಹಿಡಿದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂಕಾಲು ಲೀಟರ್. ಈ ತಿಂಗಳು ನಿಮ್ಮ ಮನೆಯಲ್ಲಿ ಎಷ್ಟು ಪ್ಯಾಕೆಟ್ ಖಾಲಿಯಾಯಿತು, ಲೆಕ್ಕ ಹಾಕಿ. ಒಗ್ಗರಣೆಗೆ ಬಾಟಲಿಯಿಂದ ಸುರಿಯಬೇಡಿ, ಚಮಚದಲ್ಲಿ ಅಳೆಯಿರಿ.

ಮೂರನೆಯದು ತಟ್ಟೆ. ಅರ್ಧ ತಟ್ಟೆ ತರಕಾರಿ, ಸೊಪ್ಪು. ಕಾಲು ಭಾಗ ಅನ್ನ ಅಥವಾ ಮುದ್ದೆ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು. ರಾಗಿ, ನುಗ್ಗೆಸೊಪ್ಪು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಮಜ್ಜಿಗೆ ಎಲುಬಿಗೂ ಒಳ್ಳೆಯದು.

ನಾಲ್ಕನೆಯದು ನಮ್ಮೆಲ್ಲರ ಅಭ್ಯಾಸ. ಬೆಳಿಗ್ಗೆ ಕೆಲಸದ ಗಡಿಬಿಡಿಯಲ್ಲಿ ತಿಂಡಿ ಬಿಡುವುದು, ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ಕೂರುವುದು, "ಚೆಲ್ಲೋದು ಯಾಕೆ" ಅಂತ ಪಾತ್ರೆಯಲ್ಲಿ ಮಿಕ್ಕಿದ್ದನ್ನೆಲ್ಲ ಹೊಟ್ಟೆಗೆ ಹಾಕುವುದು, ರಾತ್ರಿ ಧಾರಾವಾಹಿ ಮುಗಿದ ಮೇಲೆ ಉಂಡು ಮಲಗುವುದು. ಸಹೋದರಿಯರೇ, ನಮ್ಮ ಹೊಟ್ಟೆ ಮಿಕ್ಕಿದ್ದು ತುಂಬಿಸುವ ಡಬ್ಬಿಯಲ್ಲ. ಅಳತೆ ನೋಡಿ ಅಡುಗೆ ಮಾಡಿ. ಮನೆಯವರ ಜೊತೆಗೇ ಕೂತು, ಎಂಟು ಗಂಟೆಯೊಳಗೆ ಊಟ ಮಾಡಿ.

"ದಿನವಿಡೀ ಕೆಲಸ ಮಾಡ್ತೇವಲ್ಲ, ಮತ್ತೆ ವ್ಯಾಯಾಮ ಯಾಕೆ?" ಎಂದು ಕೇಳುತ್ತೀರಿ. ಗದ್ದೆ ಕೆಲಸದವರಿಗೆ ನಡಿಗೆ ಬೇರೆ ಬೇಕಾಗದೇ ಇರಬಹುದು. ಆದರೆ ಕೂತು ಮಾಡುವ ಕೆಲಸದವರಿಗೆ ವಾರಕ್ಕೆ 150 ನಿಮಿಷ, ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಬೇಕು. ಮಾತಾಡಬಹುದು, ಹಾಡಲು ಉಸಿರು ಸಾಲಬಾರದು - ಅಷ್ಟು ಬಿರುಸು. ಬೆನ್ನಿಗಾಗಿ ಎಲ್ಲರೂ ಒಂದು ವ್ಯಾಯಾಮ ಮಾಡಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ಊರಿ, ಸೊಂಟವನ್ನು ನಿಧಾನ ಮೇಲೆತ್ತಿ ಐದು ಎಣಿಸಿ ಇಳಿಸಿ. ಹತ್ತು ಸಲ ಸಾಕು. ಕಾಲಿಗೆ ಇಳಿಯುವ ನೋವು ಹೆಚ್ಚಾದರೆ ನಿಲ್ಲಿಸಿ, ಡಾಕ್ಟರನ್ನು ಕೇಳಿ.

ತಿಂಗಳಿಗೆ ಒಂದರಿಂದ ಎರಡು ಕಿಲೋ ಇಳಿದರೆ ಸಾಕು. "ಹದಿನೈದು ದಿನದಲ್ಲಿ ಹತ್ತು ಕಿಲೋ" ಎಂದು ಪುಡಿ ಡಬ್ಬ ಮಾರಲು ಬರುವವರು ಈಗ ಹಳ್ಳಿಗೂ ಬರುತ್ತಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು, ಅದೂ ಸಂಘದ ಸಾಲದಿಂದ, ಅದನ್ನು ಕೊಳ್ಳಬೇಡಿ. ಸುಸ್ತಿನ ಜೊತೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು.

ಸಂಘದಲ್ಲಿ ನಾವು ಏನು ಮಾಡಬಹುದು?

ನಮ್ಮ ಆ ಅಕ್ಕ ಒಬ್ಬರೇ ನಡೆಯಲು ನಾಚುತ್ತಿದ್ದರು. "ಜನ ನೋಡಿ ನಗ್ತಾರೆ" ಅಂದರು. ಆಗ ಅವರ ಸಂಘದ ನಾಲ್ಕು ಜನ ಜೊತೆಯಾದರು. ಸಂಜೆ ಶಾಲೆಯ ಮೈದಾನಕ್ಕೆ ಹೋಗಿ ಸುತ್ತು ಹಾಕತೊಡಗಿದರು. ಎಂಟು ತಿಂಗಳಲ್ಲಿ ಅಕ್ಕನ ತೂಕ 6 ಕಿಲೋ ಇಳಿಯಿತು. ನೋವು ಪೂರ್ತಿ ಹೋಗಿಲ್ಲ, ಹೆಚ್ಚು ಹೊತ್ತು ಕೂತರೆ ಈಗಲೂ ಬರುತ್ತದೆ. ಆದರೆ ಚಕ್ಕುಲಿಯ ಒಲೆ ಮತ್ತೆ ಹತ್ತಿದೆ. ಒರಳು ಈಗ ನೆಲದಲ್ಲಿಲ್ಲ, ಮೇಜಿನ ಮೇಲಿದೆ. ಮೂಟೆ ಎತ್ತಲು ಮಗನನ್ನು ಕರೆಯುತ್ತಾರೆ. ಸಾಲದ ಕಂತೂ ಸರಿಯಾಗಿ ಬರುತ್ತಿದೆ.

ನೀವೂ ಹಾಗೆ ಮಾಡಬಹುದು. ತಿಂಗಳ ಮೊದಲ ಸಭೆಯಲ್ಲಿ ಎಲ್ಲರ ತೂಕ, ಹೊಟ್ಟೆಯ ಅಳತೆ ನೋಡಿ. ಅದನ್ನು ಅವರವರ ಚೀಟಿಯಲ್ಲಿ ಅವರವರೇ ಬರೆದುಕೊಳ್ಳಲಿ, ಗಟ್ಟಿಯಾಗಿ ಓದುವುದು ಬೇಡ. ಸಭೆಯ ಬೋಂಡ, ಬಿಸ್ಕತ್ತಿನ ಬದಲು ಕಡಲೆ ಉಸಲಿ ಅಥವಾ ಬಾಳೆಹಣ್ಣು ಇಡಿ. 30 ವರ್ಷ ದಾಟಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಯಾರಾದರೂ ಎರಡು ಸಭೆಗೆ ಬರದಿದ್ದರೆ ಕಂತು ಕೇಳಲು ಮಾತ್ರ ಹೋಗಬೇಡಿ, ಸೊಂಟ ನೋವಿದೆಯಾ ಎಂದೂ ಕೇಳಿ.

ಮನೆ, ಮಕ್ಕಳು, ದುಡಿಮೆ, ಸಂಘ ಎಲ್ಲವನ್ನೂ ಹೊರುವುದು ಇದೇ ಬೆನ್ನು. ಅದನ್ನು ನೋಡಿಕೊಳ್ಳುವುದು ಸ್ವಾರ್ಥವಲ್ಲ. ಇವತ್ತು ಚಾಪೆಯಿಂದ ಏಳುವಾಗಲೇ ಶುರುಮಾಡೋಣ. ಒಂದು ಬದಿಗೆ ತಿರುಗಿ, ಕೈ ಊರಿ, ಒಂದು ಮೊಣಕಾಲ ಮೇಲೆ ನಿಂತು, ಆಮೇಲೆ ಮೆಲ್ಲನೆ ಏಳಿ.